ಮೇಲಿನಿಂದ ಕಂಡ ನೀರು

ಜನವರಿ ೯

ಮಗಳೇ,

ನಿನ್ನ ಕಾಗದ ಬಂದು ವಾರವಾಯಿತು. ಉತ್ತರ ತಡವಾದದ್ದಕ್ಕೆ ಲೈಬ್ರರಿಯವರು ಕಾರಣ. ಹಳೆಯ ಪತ್ರಿಕೆಗಳನ್ನೆಲ್ಲ ತಿಂಗಳವಾರು ಬೈಂಡ್ ಮಾಡಿಕೊಡಿ ಎಂದು ಒಂದು ಗಾಡಿ ತುಂಬ ತಂದು ನನ್ನ ಬಾಗಿಲಲ್ಲಿ ಸುರಿದು ಹೋದರು. ಈಗ ಮನೆಯೊಳಗೆ ಪಕ್ಕಕ್ಕೆ ತಿರುಗಿ ನಡೆಯಬೇಕು. ಬೀದಿಯ ಮಕ್ಕಳು ನನ್ನನ್ನು ಗೋಂದಜ್ಜಿ ಎನ್ನುತ್ತಾರಲ್ಲ, ಈ ತಿಂಗಳು ತಲೆಗೂದಲಿಗೂ ಗೋಂದು ಹತ್ತಿ ಹೆಸರು ಸಾರ್ಥಕವಾಗಿದೆ.

ಆ ಪತ್ರಿಕೆಗಳಲ್ಲೊಂದರಲ್ಲಿ ನಿಮ್ಮೂರಿನ ಚಿತ್ರ ನೋಡಿದೆ. ಬಂದರಿನ ಎದುರಿಗೆ ಹೊಸದಾಗಿ ಕಟ್ಟಿದ ಆ ಎತ್ತರದ ಟವರ್. ಅದರ ತುತ್ತತುದಿಯಲ್ಲಿ ಸುತ್ತಲೂ ಗಾಜು ಹಾಕಿ, ಜನ ನಿಂತು ಊರನ್ನೂ ಬಂದರನ್ನೂ ನೋಡುವ ಹಾಗೆ ಮಾಡಿದ್ದಾರಂತೆ. ಅಲ್ಲಿಂದ ತೆಗೆದ ಚಿತ್ರದಲ್ಲಿ ನೀರಿತ್ತು, ಉದ್ದಕ್ಕೆ ಅಲೆತಡೆ ಗೋಡೆಯಿತ್ತು. ಗೋಡೆ ಮುಗಿಯುವ ಕಡೆ ಬೆರಳಿಟ್ಟುಕೊಂಡು ತುಂಬ ಹೊತ್ತು ಕುಳಿತಿದ್ದೆ. ನನ್ನ ಮಗನ ದೋಣಿ ಮಗುಚಿದ್ದು ಅಲ್ಲೇ ಅಲ್ಲವೇ?

ಮೂರು ವರ್ಷದ ಹಿಂದೆ ನಾನು ಓಡಿ ಬಂದಾಗ ಆಸ್ಪತ್ರೆ ತೋರಿಸಿದರು, ಸ್ಮಶಾನ ತೋರಿಸಿದರು, ಕಂಪನಿಯ ಆಫೀಸಿನಲ್ಲಿ ಕುರ್ಚಿ ಹಾಕಿ ಚಹಾ ಕೊಟ್ಟರು. ನೀರನ್ನು ಮಾತ್ರ ಯಾರೂ ತೋರಿಸಲಿಲ್ಲ. ‘ಬೇಡಮ್ಮ, ಅದನ್ನ ನೋಡಿ ಏನ್ಮಾಡ್ತೀರಿ’ ಅಂದರು. ನಾನೂ ಆಗ ಹೂಂ ಅಂದೆ. ಈಗ ನೋಡಬೇಕು ಅನ್ನಿಸುತ್ತಿದೆ. ದಡದಲ್ಲಿ ನಿಂತು ನೋಡುವಷ್ಟು ಗಟ್ಟಿ ಎದೆ ನನಗಿಲ್ಲ. ಅಷ್ಟು ಮೇಲಿನಿಂದ, ಗಾಜಿನ ಈಚೆಯಿಂದ ಆದರೆ ನೋಡಬಲ್ಲೆ.

ನೀನು ಹತ್ತಿದ್ದೀಯಾ ಅಲ್ಲಿಗೆ? ನನ್ನನ್ನು ಕರೆದುಕೊಂಡು ಹೋಗುತ್ತೀಯಾ? ಫೋನು ಮಾಡಬೇಡ. ಫೋನಿನಲ್ಲಿ ನಿನ್ನ ದನಿ ನನ್ನ ಮಂದ ಕಿವಿಗೆ ತಗಡಿನ ಡಬ್ಬಿಯೊಳಗೆ ಕಲ್ಲು ಕುಲುಕಿದ ಹಾಗೆ ಕೇಳುತ್ತದೆ. ಕಾಗದವನ್ನೇ ಬರೆ.

ನಿನ್ನ ಅತ್ತೆ

•

ಜನವರಿ ೨೧

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಲ್ಯಾಬಿನಲ್ಲೇ ಒಡೆದು ಓದಿದೆ. ಒಲೆಯ ಮೇಲೆ ಮೇಣ ಕರಗಲು ಇಟ್ಟದ್ದು ಮರೆತೇಹೋಗಿ ಸೀದುಹೋಯಿತು. ಹಲ್ಲಿನ ಸೆಟ್ ಮಾಡುವ ನಮ್ಮ ಜಾಗದಲ್ಲಿ ಸೀದ ವಾಸನೆ ಬಂದರೆ ಮಾಲೀಕರು ಕೂತಲ್ಲಿಂದಲೇ ಬೈಯುತ್ತಾರೆ. ಈ ಸಲ ನನ್ನ ಮುಖ ನೋಡಿ ಎದ್ದು ಬಂದು ಕಿಟಕಿ ತೆರೆದರು.

ಹೌದು ಅತ್ತೆ, ಅಲ್ಲೇ. ದೊಡ್ಡ ಹಡಗನ್ನು ಒಳಗೆ ಎಳೆದು ತರುವಾಗ ಹಗ್ಗ ಅಡ್ಡಕ್ಕೆ ಸೆಳೆದು, ಅವರಿದ್ದ ಪುಟ್ಟ ಟಗ್ ದೋಣಿ ಮಗುಚಿಕೊಂಡಿತು ಎಂದು ಕಂಪನಿಯವರು ಹೇಳಿದ್ದಷ್ಟೇ ನನಗೂ ಗೊತ್ತು. ನಾನೂ ಆ ಜಾಗ ನೋಡಿಲ್ಲ. ಇದೇ ಊರಿನಲ್ಲಿದ್ದುಕೊಂಡು ನೋಡಿಲ್ಲ. ಬಂದರಿನ ರಸ್ತೆಯಲ್ಲಿ ಹೋಗುವ ಬಸ್ಸನ್ನು ಬಿಟ್ಟು, ಮಾರುಕಟ್ಟೆ ಸುತ್ತಿಕೊಂಡು ಬರುವ ಬಸ್ಸು ಹತ್ತುತ್ತೇನೆ. ತಡವಾಗುತ್ತದೆ, ಆದರೆ ಆ ಕಡೆ ತಲೆ ತಿರುಗಿಸುವ ಪ್ರಮೇಯವಿಲ್ಲ.

ಕರೆದುಕೊಂಡು ಹೋಗುತ್ತೇನೆ. ಮೊದಲ ಸಲ ನೋಡುವುದಾದರೆ ಇಬ್ಬರೂ ಒಟ್ಟಿಗೆ ನೋಡೋಣ. ನೀವಿಲ್ಲದೆ ನಾನು ಅಲ್ಲಿಗೆ ಹತ್ತುವುದಿಲ್ಲ. ಇದು ನನ್ನ ಮಾತು.

ಒಂದು ತಮಾಷೆ ಹೇಳುತ್ತೇನೆ. ಕಳೆದ ವಾರ ಒಬ್ಬರು ತಮ್ಮ ತಂದೆಯ ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ನಾನೇ ಮಾಡಿದ್ದು. ‘ಮೇಡಂ, ಇದನ್ನ ಹಾಕ್ಕೊಂಡು ನಮ್ಮಪ್ಪ ಸಕ್ಕರೆ ಅಂದ್ರೆ ಸೀಟಿ ಬರುತ್ತೆ. ಬೀದಿ ನಾಯಿಗಳು ಬಾಗಿಲಿಗೆ ಬಂದು ನಿಲ್ತವೆ’ ಅಂದರು. ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ಮುಂದಿನ ಹಲ್ಲುಗಳ ಹಿಂದೆ ಒಂದಿಷ್ಟು ತುಂಬಿ, ಉಜ್ಜಿ, ಸೀಟಿ ನಿಲ್ಲಿಸಿಕೊಟ್ಟೆ. ಮಾತಿನ ಮೇಲೆ ತಿಳಿಯಿತು, ಅವರು ಅದೇ ಟವರಿನಲ್ಲಿ ಲಿಫ್ಟ್ ಮೆಕ್ಯಾನಿಕ್ ಅಂತೆ. ವಯಸ್ಸಾದವರು ಹತ್ತಬಹುದೇ ಎಂದು ನಿಮಗಾಗಿ ಕೇಳಿದೆ. ‘ಮೆಟ್ಟಿಲೇ ಇಲ್ಲ ಮೇಡಂ, ನಿಂತಲ್ಲೇ ನಿಂತರೆ ಮೇಲಿರ್ತೀರಿ. ನೀವು ಬರೋ ದಿನ ಹೇಳಿ, ನಾನೇ ಕರ್ಕೊಂಡು ಹೋಗ್ತೀನಿ’ ಅಂದರು.

ಗಾಳಿ ಕಡಿಮೆಯಾಗಲಿ, ಮಾರ್ಚಿನಲ್ಲಿ ಬನ್ನಿ.

ನಿಮ್ಮ ಸೊಸೆ

•

ಫೆಬ್ರವರಿ ೬

ಮಗಳೇ,

ನಿನ್ನ ಕಾಗದ ಓದಿ ಸಮಾಧಾನವಾಯಿತು. ಒಟ್ಟಿಗೆ ನೋಡೋಣ ಎಂದು ಬರೆದೆಯಲ್ಲ, ಆ ಸಾಲಿನ ಹತ್ತಿರ ನಿಂತು ಇನ್ನೊಮ್ಮೆ ಓದಿದೆ. ನನ್ನ ಮಗ ಹೋದ ಮೇಲೆ ನಮ್ಮಿಬ್ಬರ ನಡುವೆ ಉಳಿದದ್ದು ಈ ಕಾಗದಗಳೇ. ಊರಿನಲ್ಲಿ ಕೆಲವರು ಕೇಳುತ್ತಾರೆ, ‘ಇನ್ನೂ ಸೊಸೆ ಕಾಗದ ಬರೀತಾಳಾ?’ ಎಂದು. ‘ಬರೀದೆ ಏನು, ನನ್ನ ಸೊಸೆ ಅವಳು’ ಅನ್ನುತ್ತೇನೆ. ಆಮೇಲೆ ಅವರ ಪುಸ್ತಕಕ್ಕೆ ಹಾಕುವ ರಟ್ಟನ್ನು ಸ್ವಲ್ಪ ಸೊಟ್ಟಗೆ ಹಾಕುತ್ತೇನೆ.

ಮೇಲೆ ಗಾಳಿ ಜಾಸ್ತಿ ಎಂದು ಪತ್ರಿಕೆಯಲ್ಲಿತ್ತು. ಕೋಟಿನ ಹರಿದ ತೋಳನ್ನು ದಪ್ಪ ದಾರದಲ್ಲಿ ಹೊಲಿದುಕೊಂಡಿದ್ದೇನೆ. ಅಲ್ಲಿ ದೂರದರ್ಶಕವೂ ಇದೆಯಂತೆ, ನಿಜವೇ? ಅದರಲ್ಲಿ ಗೋಡೆಯ ತುದಿ ಎಷ್ಟು ಹತ್ತಿರ ಕಾಣುತ್ತದೆ? ಆ ಮೆಕ್ಯಾನಿಕ್‌ರನ್ನೇ ಕೇಳಿ ಬರೆ. ಸೀಟಿ ಅಪ್ಪ ಹೇಗಿದ್ದಾರೆ? ನಾನು ಇಲ್ಲಿ ಒಬ್ಬಳೇ ಕೂತು ಸಕ್ಕರೆ, ಸೊಪ್ಪು, ಸಾಸಿವೆ ಎಂದು ಹೇಳಿ ನೋಡಿ ನಕ್ಕೆ.

ಮಾರ್ಚಿನ ಮೂರನೇ ವಾರ ಬರಲೇ?

ನಿನ್ನ ಅತ್ತೆ

•

ಮಾರ್ಚ್ ೩

ಅತ್ತೆಯವರಿಗೆ ನಮಸ್ಕಾರ.

ಉತ್ತರ ತಡವಾಯಿತು, ಕ್ಷಮಿಸಿ. ಲ್ಯಾಬಿನಲ್ಲಿ ವಿಪರೀತ ಕೆಲಸ. ಪಕ್ಕದ ಮೇಜಿನವಳು ಹೆರಿಗೆ ರಜೆಯ ಮೇಲೆ ಹೋಗಿದ್ದಾಳೆ, ಅವಳ ಅಚ್ಚುಗಳೂ ನನ್ನ ತಲೆಗೇ ಬಂದಿವೆ.

ಮಾರ್ಚಿನಲ್ಲಿ ಬರುವುದು ಬೇಡವೇನೋ. ಲಿಫ್ಟಿನ ಹಗ್ಗಗಳನ್ನು ಬದಲಿಸುತ್ತಿದ್ದಾರಂತೆ. ಮೇಲೆ ಗಾಳಿಯೂ ಇದೆ. ಬೆಳಿಗ್ಗೆ ಹೊತ್ತು ನೀರಿನ ಮೇಲೆ ಮಂಜು ಕವಿದಿರುತ್ತದೆ, ಮಧ್ಯಾಹ್ನ ಗಾಜಿನ ಮೇಲೆ ಬಿಸಿಲು ಹೊಳೆದು ಕಣ್ಣು ಕುಕ್ಕುತ್ತದೆ. ಸಂಜೆ ಬಿಸಿಲು ಇಳಿಯುವಾಗ ಮಾತ್ರ ಎಲ್ಲ ಸ್ವಚ್ಛವಾಗಿ ಕಾಣುತ್ತದೆ, ಎಂದು ಹೇಳುತ್ತಾರೆ. ದೂರದರ್ಶಕ ಇದೆ, ಆದರೆ ಅದರ ಪಕ್ಕ ಯಾವಾಗಲೂ ಮಕ್ಕಳ ಸಾಲು. ಮೊದಲು ಕಾಲು ನಡುಗಿದ ಹಾಗೆ ಆಗುತ್ತದೆ, ಆಮೇಲೆ ಸರಿಹೋಗುತ್ತದಂತೆ.

ಬೇಸಿಗೆ ಕಳೆಯಲಿ. ನಿಮ್ಮ ಮಂಡಿನೋವಿಗೂ ಪ್ರಯಾಣ ಒಳ್ಳೆಯದಲ್ಲ. ನಾನೇ ಒಮ್ಮೆ ಅಲ್ಲಿಗೆ ಬಂದು ನಿಮ್ಮನ್ನು ನೋಡಿಕೊಂಡು ಹೋಗುತ್ತೇನೆ.

ನಿಮ್ಮ ಸೊಸೆ

•

ಮಾರ್ಚ್ ೧೪

ಮಗಳೇ,

ನನಗೆ ಮಂಡಿನೋವಿಲ್ಲ. ಇರುವುದು ಸೊಂಟನೋವು. ಅದು ಮನೆಯಲ್ಲಿ ಕೂತರೂ ಇರುತ್ತದೆ, ರೈಲಿನಲ್ಲಿ ಕೂತರೂ ಇರುತ್ತದೆ.

ಏಪ್ರಿಲ್ ಮೊದಲನೆಯ ಶನಿವಾರ ಬೆಳಗಿನ ಗಾಡಿಗೆ ಬರುತ್ತೇನೆ, ಭಾನುವಾರ ಹೊರಡುತ್ತೇನೆ. ಸಂಜೆ ಚೆನ್ನಾಗಿ ಕಾಣುತ್ತದೆ ಎಂದೆಯಲ್ಲ, ಸಂಜೆಯೇ ಹೋಗೋಣ. ಲಿಫ್ಟು ಕೆಟ್ಟಿದ್ದರೆ ಕೆಳಗೆ ನಿಂತು ತಲೆಯೆತ್ತಿ ನೋಡಿ ಬರುತ್ತೇನೆ.

ನಿನ್ನ ಅತ್ತೆ

•

ಏಪ್ರಿಲ್ ೧೮

ಅತ್ತೆಯವರಿಗೆ ನಮಸ್ಕಾರ.

ಸುಖವಾಗಿ ತಲುಪಿದಿರಾ? ಕಾಗದ ಬರಬಹುದು ಎಂದು ದಿನವೂ ಅಂಚೆ ಪೆಟ್ಟಿಗೆ ನೋಡುತ್ತಿದ್ದೇನೆ. ನಿಮ್ಮ ಕನ್ನಡಕದ ಡಬ್ಬಿ ನಮ್ಮ ಮನೆಯ ಕಿಟಕಿಯ ಮೇಲೆ ಉಳಿದುಹೋಗಿದೆ. ಅಂಚೆಯಲ್ಲಿ ಕಳಿಸುತ್ತೇನೆ.

ಆ ದಿನ ಟವರಿನಿಂದ ಇಳಿದ ಮೇಲೆ ನೀವು ಹೆಚ್ಚು ಮಾತಾಡಲಿಲ್ಲ. ಮೇಲೂ ಗಾಜಿಗೆ ಹಣೆ ಹಚ್ಚಿ, ನನಗೆ ಬೆನ್ನು ಮಾಡಿ ನಿಂತೇ ಇದ್ದಿರಿ. ಅಳುತ್ತಿದ್ದೀರಿ ಎಂದು ಗೊತ್ತಾಗಿ ಹತ್ತಿರ ಬರಲಿಲ್ಲ. ರೈಲಿನಲ್ಲಿ ಕೂರಿಸಿದಾಗಲೂ ನನ್ನ ಕೈ ಹಿಡಿದುಕೊಳ್ಳದೆ ಚೀಲ ಹಿಡಿದುಕೊಂಡಿರಿ. ಸುಸ್ತಾಗಿತ್ತೇನೋ. ನಾನು ಕರೆದುಕೊಂಡು ಹೋದದ್ದೇ ತಪ್ಪಾಯಿತೇ?

ಒಂದು ಸಾಲು ಬರೆಯಿರಿ.

ನಿಮ್ಮ ಸೊಸೆ

•

ಮೇ ೨೭

ಅತ್ತೆ,

ನೀವು ಬರೆಯಲಿಲ್ಲ. ಡಬ್ಬಿ ತಲುಪಿದೆ ಎಂದು ಅಂಚೆಯವರ ರಸೀದಿ ಬಂತು, ನಿಮ್ಮ ಅಕ್ಷರ ಬರಲಿಲ್ಲ. ಇಷ್ಟು ದಿನವೂ, ಆ ಸಂಜೆ ಟವರಿನ ಟಿಕೆಟ್ ಕೌಂಟರಿನ ಹೆಂಗಸು ಹೇಳಿದ್ದು ನಿಮಗೆ ಕೇಳಿಸಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಮ್ಮ ಕಿವಿ ಮಂದ ತಾನೇ, ಬಚಾವಾದೆ ಅಂದುಕೊಂಡೆ. ನಿಮ್ಮ ಕಷ್ಟವೊಂದು ನನಗೆ ಅನುಕೂಲವಾಯಿತಲ್ಲ ಎಂದು ನೆಮ್ಮದಿಪಟ್ಟವಳು ನಾನು. ಅದನ್ನು ನೆನೆದರೆ ನನ್ನ ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳಲು ಆಗುತ್ತಿಲ್ಲ.

ಅವಳು ಹೇಳಿದ್ದು ಇಷ್ಟು: ‘ಏನಕ್ಕಾ, ಈ ಸಲ ಜೊತೆಗೆ ಅಮ್ಮ ಬಂದಿದ್ದಾರಾ? ನಮ್ಮ ಲಿಫ್ಟ್ ಸಾಹೇಬರು ಇವತ್ತೇ ರಜೆ ಹಾಕ್ಬಿಟ್ಟಿದ್ದಾರೆ ನೋಡಿ.’ ನಾನು ನಿಮಗೆ ಏನು ಎಂದು ಹೇಳಿದೆ ಗೊತ್ತೇ? ‘ಚಿಲ್ಲರೆ ಕೇಳ್ತಿದ್ದಾಳೆ’ ಎಂದೆ.

ನಾನು ಅದಕ್ಕೆ ಮೊದಲೇ ಅಲ್ಲಿಗೆ ಹತ್ತಿದ್ದೆ ಅತ್ತೆ. ನಿಮಗೆ ಮಾತು ಕೊಟ್ಟು ತಿಂಗಳು ತುಂಬುವುದರೊಳಗೆ. ಅವರೊಂದಿಗೆ, ಆ ಮೆಕ್ಯಾನಿಕ್ ಜೊತೆ.

ಅವರು ತಂದೆಯನ್ನು ಕರೆದುಕೊಂಡು ಇನ್ನೊಮ್ಮೆ ಬಂದಿದ್ದರು. ಆಮೇಲೆ ತಂದೆಯಿಲ್ಲದೆ ಬಂದರು, ಕಿತ್ತಳೆಹಣ್ಣಿನ ಚೀಲ ಹಿಡಿದುಕೊಂಡು. ಲ್ಯಾಬಿನ ಕೆಳಗಿನ ಅಂಗಡಿಯಲ್ಲಿ ಚಹಾ ಕುಡಿದೆವು. ಅವರು ಹೆಚ್ಚು ಮಾತಿನವರಲ್ಲ. ಕೇಳಿದ್ದಕ್ಕೆ ಯೋಚಿಸಿ, ಆಮೇಲೆ ಉತ್ತರ ಹೇಳುತ್ತಾರೆ. ನನ್ನ ಬಗ್ಗೆ ಎಲ್ಲ ಹೇಳಿದೆ, ನಿಮ್ಮ ಮಗನ ಬಗ್ಗೆಯೂ, ನಿಮಗೆ ಕೊಟ್ಟ ಮಾತಿನ ಬಗ್ಗೆಯೂ. ಅವರು ‘ಹಾಗಾದ್ರೆ ಬೇಡ’ ಎಂದರು. ಬೇಡ ಎಂದವರು ಅವರು. ಹೋಗೋಣ ಎಂದವಳು ನಾನು. ನೀವು ಬಂದಾಗ ಎಲ್ಲಿ ಕೂರಿಸುವುದು, ಎಷ್ಟು ನಡೆಯಬೇಕು ಎಂದು ನೋಡಿ ಬಂದರೆ ಒಳ್ಳೆಯದಲ್ಲವೇ ಅಂದೆ. ನಿಮಗೋಸ್ಕರವೇ ಹೋಗುತ್ತಿದ್ದೇನೆ ಎಂದು ನನ್ನನ್ನು ನಾನು ನಂಬಿಸಿಕೊಂಡೆ. ಹೊಸ ಸೀರೆ ಉಟ್ಟುಕೊಂಡೆ. ನಿಮಗೆ ಕುರ್ಚಿ ಹುಡುಕಲು ಹೋಗುವವಳಿಗೆ ಹೊಸ ಸೀರೆ ಯಾಕೆ ಬೇಕಿತ್ತು?

ಲಿಫ್ಟಿನ ಬಾಗಿಲು ತೆರೆದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಹೊರಗೆ ಬಂದು ಕಣ್ಣು ಬಿಟ್ಟೆ. ಏನು ಹೇಳಲಿ, ಊರಿಗೆ ಊರೇ ಕಾಲಡಿಯಲ್ಲಿ ಹರಡಿಕೊಂಡಿತ್ತು. ನಾನು ದಿನವೂ ನೂಕುನುಗ್ಗಲಿನಲ್ಲಿ ಬೈದುಕೊಂಡು ನಡೆಯುವ ಬೀದಿಗಳು ಎಷ್ಟು ಸಮಾಧಾನದಿಂದ ಇದ್ದವು ಮೇಲಿನಿಂದ. ಬಸ್ಸುಗಳು ಒಂದರ ಹಿಂದೊಂದು ತೆವಳುತ್ತಿದ್ದವು. ನಮ್ಮ ಲ್ಯಾಬಿನ ಬಿರುಕು ಬಿಟ್ಟ ನೀರಿನ ತೊಟ್ಟಿ ಕೂಡ ಕಂಡಿತು. ಬಂದರಿನ ಕಡೆ ಕೆಂಪು ನೀಲಿ ಪೆಟ್ಟಿಗೆಗಳನ್ನು ಮಕ್ಕಳು ಜೋಡಿಸಿಟ್ಟ ಹಾಗೆ ಇತ್ತು, ಅವುಗಳ ಮೇಲೆ ಕ್ರೇನುಗಳು ಕತ್ತು ಬಗ್ಗಿಸಿ ನಿಂತಿದ್ದವು. ಒಂದು ದೊಡ್ಡ ಹಡಗು ನಿಧಾನವಾಗಿ ದಡಕ್ಕೆ ಸರಿಯುತ್ತಿತ್ತು. ಅದರ ಪಕ್ಕೆಗೆ ಮೂತಿ ಹಚ್ಚಿ ಒಂದು ಪುಟ್ಟ ದೋಣಿ ತಳ್ಳುತ್ತಿತ್ತು.

‘ನೋಡಿ ನೋಡಿ, ಇರುವೆ ಬಿಸ್ಕತ್ತು ತಳ್ತಿದೆ’ ಎಂದೆ. ಎಂದು ನಕ್ಕೆ. ಅವರೂ ನಕ್ಕರು. ಅವರು ನಗುವುದನ್ನು ಮೊದಲ ಸಲ ನೋಡಿ ನನಗೆ ಇನ್ನೂ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ ಅತ್ತೆ, ಪಕ್ಕದವರೆಲ್ಲ ತಿರುಗಿ ನೋಡುವ ಹಾಗೆ.

ಅದು ಟಗ್ ದೋಣಿ. ನಿಮ್ಮ ಮಗ ದುಡಿದದ್ದು, ಸತ್ತದ್ದು ಅಂಥದ್ದರಲ್ಲಿ. ಅದನ್ನು ನೋಡಿ ನಾನು ನಕ್ಕೆ. ಗೋಡೆಯ ತುದಿ ಎಲ್ಲಿದೆ ಎಂದು ಹುಡುಕಲೂ ಇಲ್ಲ. ಕೆಳಗೆ ಇಳಿಯುವಾಗ ಲಿಫ್ಟಿನಲ್ಲಿ ಕಿವಿ ಕಟ್ಟಿಕೊಂಡು, ಉಗುಳು ನುಂಗಿದೆ ನೋಡಿ, ಆಗ ನೆನಪಾಯಿತು. ‘ಕಿವಿ ನೋಯ್ತಿದೆಯಾ?’ ಎಂದು ಅವರು ಕೇಳಿದರು. ಹೂಂ ಎಂದೆ.

ಮರೆತದ್ದು ಸ್ವಲ್ಪ ಹೊತ್ತು ಅಷ್ಟೇ ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಆ ನಗು ಸುಳ್ಳಾಗಿರಲಿಲ್ಲ. ಅದೇ ನನಗೆ ತಡೆಯಲಾಗದ್ದು.

ಆಮೇಲೆಯೂ ಹೋದೆ. ಒಮ್ಮೆಯಲ್ಲ, ಹಲವು ಸಲ. ಕೌಂಟರಿನ ಹೆಂಗಸಿಗೆ ನನ್ನ ಗುರುತು ಸಿಕ್ಕಿದ್ದು ಹಾಗೆ. ನೀವು ಬರುವುದು ಗೊತ್ತಾದಾಗ ಆ ಶನಿವಾರ ರಜೆ ಹಾಕಿ ಎಂದು ನಾನೇ ಅವರನ್ನು ಕೇಳಿಕೊಂಡೆ. ‘ಯಾಕೆ, ಅವರು ನನ್ನನ್ನ ನೋಡಿದ್ರೆ ಏನಾಗುತ್ತೆ?’ ಎಂದರು. ನಾನು ‘ರಜೆ ಹಾಕಿ’ ಎಂದೇ ಮತ್ತೆ ಹೇಳಿದೆ. ಅವರು ‘ಸರಿ’ ಎಂದು ರಜೆ ಹಾಕಿದರು. ತಮ್ಮ ಕೆಲಸದ ಜಾಗದಿಂದಲೇ ಅವರನ್ನು ಬಚ್ಚಿಟ್ಟೆ. ನಿಮಗೂ ಮೋಸ, ಅವರಿಗೂ ಅವಮಾನ.

ನಿಮ್ಮನ್ನು ರೈಲು ಹತ್ತಿಸಿ ಬಂದ ಮರುದಿನವೇ ಅವರಿಗೆ ಇನ್ನು ಬರಬೇಡಿ ಎಂದು ಹೇಳಿದ್ದೇನೆ. ಕಾರಣ ಕೇಳಿದರು. ನಮ್ಮತ್ತೆ ಎಂದೆ. ಅವರು ಮತ್ತೆ ಬಂದಿಲ್ಲ. ಇದನ್ನು ನಿಮ್ಮ ಮೆಚ್ಚುಗೆಗೆಂದು ಬರೆಯುತ್ತಿಲ್ಲ. ಬೈಯಿರಿ. ಏನಾದರೂ ಬರೆದು ಬೈಯಿರಿ.

ನಿಮ್ಮ ಸೊಸೆ ಎಂದು ಬರೆದುಕೊಳ್ಳುವ ಹಕ್ಕು ಇನ್ನೂ ಇದೆಯೋ ಇಲ್ಲವೋ ತಿಳಿಯದು.

•

ಜೂನ್ ೩೦

ಮಗಳೇ,

ನಿನ್ನ ಎರಡೂ ಕಾಗದ ಬಂದವು. ಏಪ್ರಿಲಿನದನ್ನು ಆಗ ಒಡೆಯಲೇ ಇಲ್ಲ. ಮೇ ತಿಂಗಳಿನದು ದಪ್ಪಗಿತ್ತು, ಅದಕ್ಕೇ ಒಡೆದೆ, ಆಮೇಲೆ ಏಪ್ರಿಲಿನದನ್ನೂ. ಓದಿದ ಮೇಲೂ ಉತ್ತರ ಬರೆಯಲಿಲ್ಲ. ಬೇಕೆಂದೇ ಬರೆಯಲಿಲ್ಲ. ನೀನು ಅಲ್ಲಿ ಒದ್ದಾಡುತ್ತಿರುತ್ತೀಯ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಒದ್ದಾಡಲಿ ಎಂದುಕೊಂಡೇ ದಿನವೂ ಗೋಂದು ಕಲಸುತ್ತಿದ್ದೆ. ಬೆಳಿಗ್ಗೆ ಎದ್ದರೆ ಮೊದಲು ಬರುತ್ತಿದ್ದ ಯೋಚನೆ ಅದೇ, ಇವತ್ತೂ ಅವಳಿಗೆ ಕಾಗದ ಹೋಗುವುದಿಲ್ಲ ಎಂದು. ಅದರಲ್ಲಿ ಒಂದು ರುಚಿ ಇತ್ತು. ಈ ವಯಸ್ಸಿನಲ್ಲಿ ಇಂಥ ರುಚಿ ಹತ್ತಿಸಿಕೊಂಡೆನಲ್ಲ ಎಂದು ಈಗ ನಾಚಿಕೆಯಾಗುತ್ತಿದೆ.

ಕೌಂಟರಿನವಳು ಹೇಳಿದ್ದು ನನಗೆ ಕೇಳಿಸಲಿಲ್ಲ. ನಿನ್ನ ಮುಖ ಕಂಡಿತು. ಚಿಲ್ಲರೆ ಕೇಳಿದ್ದಕ್ಕೆ ಯಾರಾದರೂ ಹಾಗೆ ಬಿಳಿಚಿಕೊಳ್ಳುತ್ತಾರೆಯೇ? ಅಲ್ಲದೆ ಲಿಫ್ಟು ಹೊರಡುವ ಮೊದಲೇ ನನ್ನ ಕೈ ಹಿಡಿದು ‘ಕಿವಿ ಕಟ್ಟಿಕೊಳ್ಳುತ್ತೆ ಅತ್ತೆ, ಉಗುಳು ನುಂಗಿ’ ಎಂದೆ. ಮೊದಲ ಸಲ ಹತ್ತುವವಳಿಗೆ ಅದು ಹೇಗೆ ಗೊತ್ತು? ಯಾರೋ ಇದ್ದಾರೆ ಎಂದು ಅಲ್ಲೇ ತಿಳಿಯಿತು. ಸೀಟಿ ಅಪ್ಪನ ಮಗ ಇರಬೇಕು ಎಂದೂ ತಿಳಿಯಿತು. ಜನವರಿಯ ಕಾಗದದಲ್ಲಿ ಅವರ ಬಗ್ಗೆ ಅಷ್ಟೆಲ್ಲ ಬರೆದವಳು, ನಾನು ಕೇಳಿದರೂ ಮಾರ್ಚಿನಲ್ಲಿ ಒಂದಕ್ಷರ ಬರೆದಿರಲಿಲ್ಲವಲ್ಲ. ನಾನು ಪುಸ್ತಕ ಹೊಲಿಯುವವಳು, ಯಾವ ಹಾಳೆ ಕಿತ್ತಿದೆ ಎಂದು ಕೈಗೆ ತಿಳಿಯುತ್ತದೆ.

ಸಿಟ್ಟು ಬಂದದ್ದು ಅವರ ವಿಷಯಕ್ಕಲ್ಲ ಎಂದು ಬರೆದರೆ ದೊಡ್ಡತನವಾಗಿ ಕಾಣುತ್ತದೆ. ಅವರ ವಿಷಯಕ್ಕೂ ಬಂತು. ನನ್ನ ಮಗನ ಜಾಗದಲ್ಲಿ ಇನ್ನೊಬ್ಬರು ನಿಂತಿದ್ದಾರೆ ಎಂದು ಸಂಕಟವಾಯಿತು. ಆಗದೆ ಇರುತ್ತದೆಯೇ? ನಾನು ಅವನನ್ನು ಹೆತ್ತವಳು. ಆದರೆ ಅದಕ್ಕಿಂತ ಉರಿದದ್ದು ನೀನು ನನಗೆ ಹೆದರಿದೆಯಲ್ಲ ಎಂದು. ನನ್ನನ್ನು ಏನೆಂದುಕೊಂಡೆ? ಕೋಲು ಹಿಡಿದು ಬಾಗಿಲಲ್ಲಿ ಕೂತ ಅತ್ತೆ ಎಂದೇ?

ಈಗ ನನ್ನ ಕಥೆ ಕೇಳು. ಇದನ್ನು ಬರೆಯಬೇಕೋ ಬೇಡವೋ ಎಂದು ಇಷ್ಟು ದಿನ ಹಿಡಿಯಿತು.

ನಾನು ಗಾಜಿಗೆ ಹಣೆ ಹಚ್ಚಿ ಅಳುತ್ತಿದ್ದೆ ಎಂದು ಬರೆದಿದ್ದೀಯ. ನಾನು ಅಳುತ್ತಿರಲಿಲ್ಲ. ಮೊದಲು ಗೋಡೆಯ ತುದಿ ಹುಡುಕಿದೆ, ಸಿಕ್ಕಿತು. ಅಲ್ಲಿ ನೀರು ಬೇರೆ ಕಡೆಯ ನೀರಿನಂತೆಯೇ ಇತ್ತು. ಗುರುತು ಏನೂ ಇಲ್ಲ. ನೋಡುತ್ತಾ ನಿಂತೆ, ಏನೂ ಆಗಲಿಲ್ಲ. ಅಳು ಬರಲಿ ಎಂದು ಕಾದೆ, ಬರಲಿಲ್ಲ. ಹಾಗೇ ಕಣ್ಣು ಈಚೆಗೆ ಜಾರಿತು. ಒಂದು ತಾರಸಿಯ ಮೇಲೆ ಒಬ್ಬ ಹೆಂಗಸು ಹಾಸಿಗೆ ಬಡಿಯುತ್ತಿದ್ದಳು. ಕೋಲು ಬೀಳುವುದು ಕಾಣುತ್ತದೆ, ಧೂಳು ಏಳುವುದು ಕಾಣುತ್ತದೆ, ಸದ್ದಿಲ್ಲ. ನನಗೆ ಲೋಕ ದಿನವೂ ಕಾಣುವುದು ಹಾಗೇ ಅಲ್ಲವೇ, ಅಲ್ಲಿ ಮೇಲೆ ಎಲ್ಲರಿಗೂ ಹಾಗೇ ಎನ್ನಿಸಿ ಖುಷಿಯಾಯಿತು. ಆಮೇಲೆ ಒಂದು ಶಾಲೆಯ ಅಂಗಳ ಕಂಡಿತು. ಆಮೇಲೆ ಬಿಸಿಲು ಕೆಂಪಗಾಗಿ ಇಡೀ ಊರಿನ ಕಿಟಕಿಗಳು ಒಂದೊಂದಾಗಿ ಹೊಳೆದವು. ಇನ್ನೊಂದು, ಇನ್ನೊಂದು ಎಂದು ಕಾಯುತ್ತಾ ನಿಂತುಬಿಟ್ಟೆ. ಇಷ್ಟು ಚೆಂದದ್ದನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ಅವನು ನನ್ನ ನೆನಪಿನಲ್ಲಿ ಇರಲೇ ಇಲ್ಲ ಮಗಳೇ. ಮಗನನ್ನು ನುಂಗಿದ ನೀರನ್ನು ನೋಡಲು ಕೋಟು ಹೊಲಿದುಕೊಂಡು ರೈಲು ಹತ್ತಿ ಬಂದ ತಾಯಿ, ಯಾರದೋ ಮನೆಯ ಕಿಟಕಿ ನೋಡುತ್ತಾ ಮೈಮರೆತಳು. ನೀನು ಹಿಂದೆ ನಿಂತು ನನ್ನ ದುಃಖಕ್ಕೆ ಮರ್ಯಾದೆ ಕೊಡುತ್ತಿದ್ದೆ. ತಿರುಗಿದರೆ ನನ್ನ ಮುಖದಲ್ಲಿ ಸಂತೋಷ ಕಾಣುತ್ತದಲ್ಲ ಎಂದು ಹೆದರಿ ನಾನು ತಿರುಗಲಿಲ್ಲ.

ರೈಲಿನಲ್ಲಿ ನಿನ್ನ ಕೈ ಹಿಡಿಯದೆ ಇದ್ದದ್ದು ನಿನ್ನ ಮೇಲಿನ ಸಿಟ್ಟಿಗೋ, ನನ್ನ ಮೇಲಿನದಕ್ಕೋ ಈಗಲೂ ಗೊತ್ತಿಲ್ಲ. ನಿನ್ನದು ತಪ್ಪು ಎಂದು ಕೂತರೆ ನನ್ನದನ್ನು ನೋಡಬೇಕಾಗಿರಲಿಲ್ಲ. ಎರಡು ತಿಂಗಳಿಗೂ ಮೇಲೆ ಹಾಗೆ ಕಳೆದೆ.

ಒಂದು ಮಾತಿಗೆ ಮಾತ್ರ ಈಗಲೂ ಸಿಟ್ಟಿದೆ. ಕಾರಣ ಕೇಳಿದಾಗ ‘ನಮ್ಮತ್ತೆ’ ಎಂದೆಯಂತೆ. ನನ್ನನ್ನು ಯಾಕೆ ಕಾರಣ ಮಾಡಿದೆ? ನಿನಗೆ ಅವರು ಬೇಡವಾದರೆ ಬೇಡ ಎನ್ನು. ಬೇಕಾದವರನ್ನು ಕಳಿಸಿ, ನನ್ನ ಹೆಸರು ಹೇಳಿ, ಆ ಭಾರವನ್ನು ನನ್ನ ಹೆಗಲಿಗೆ ಹಾಕಬೇಡ. ನಾನು ಹೊರುವುದು ನನ್ನದೇ ಸಾಕಷ್ಟಿದೆ.

ನಿನ್ನ ಅತ್ತೆ (ಹಕ್ಕಿನ ಮಾತು ಇನ್ನೊಮ್ಮೆ ಬರೆಯಬೇಡ)

•

ಜುಲೈ ೧೫

ಅತ್ತೆ,

ನಿಮ್ಮ ಅಕ್ಷರ ನೋಡಿ ಲಕೋಟೆಯನ್ನು ಹಾಗೇ ಎದೆಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ನೀವು ಮೈಮರೆತದ್ದು ತಪ್ಪಲ್ಲ ಅತ್ತೆ ಎಂದು ಬರೆಯಲು ಪೆನ್ನು ಎತ್ತಿದೆ. ನಿಮಗೆ ಹಾಗೆ ಹೇಳಿದರೆ ನನಗೂ ಹಾಗೆ ಹೇಳಿಕೊಳ್ಳಬೇಕಾಗುತ್ತದಲ್ಲ ಎಂದು ಕೈ ನಿಂತಿತು. ಅದು ನನ್ನಿಂದ ಇನ್ನೂ ಆಗುತ್ತಿಲ್ಲ. ಇರುವೆ ಎಂದ ಮಾತು ಈಗಲೂ ಕೆಲಸದ ನಡುವೆ ಬಂದು ಚುಚ್ಚುತ್ತದೆ. ಹೋಗುವುದಿಲ್ಲವೇನೋ. ಹೋಗದಿದ್ದರೂ ಸರಿ.

ನೀವು ಹೇಳಿದ್ದು ನಿಜ, ನಿಮ್ಮ ಹೆಸರನ್ನು ಅಡ್ಡ ಹಿಡಿದೆ. ಅದನ್ನು ಅವರಿಗೆ ಹೇಳಬೇಕು ಎಂದು ಮೊನ್ನೆ ಟವರಿನವರೆಗೆ ಹೋದೆ. ಬಂದರಿನ ರಸ್ತೆಯ ಬಸ್ಸಿನಲ್ಲೇ ಹೋದೆ. ಬಾಗಿಲಲ್ಲಿ ಜನ ಸಾಲು ನಿಂತಿದ್ದರು. ಕೌಂಟರಿನ ಹೆಂಗಸು ನನ್ನನ್ನು ನೋಡಿ ಕೈಯೆತ್ತಿದಳು. ಯಾವ ಮುಖ ಇಟ್ಟುಕೊಂಡು ಒಳಗೆ ಹೋಗಲಿ? ಕಾರಣ ಹೇಳದೆ ಬಚ್ಚಿಟ್ಟವಳು, ಸುಳ್ಳು ಕಾರಣ ಹೇಳಿ ಕಳಿಸಿದವಳು. ‘ಅವರೇ ನಿನ್ನೆ ನಿಮ್ಮನ್ನ ಕೇಳ್ತಿದ್ರು’ ಎಂದು ಅವಳು ಹೇಳಿದ್ದರೆ ಹೋಗುತ್ತಿದ್ದೆನೇನೋ. ಅವಳು ಹಾಗೆ ಹೇಳಲಿಲ್ಲ. ತಿರುಗಿ ಬಂದೆ.

ಅವರು ಬೇಡವಾದರೆ ಬೇಡ ಎನ್ನು ಎಂದಿರಿ. ಬೇಕು. ಇದನ್ನು ಬರೆಯಲು ಇಡೀ ಸಂಜೆ ಹಿಡಿಯಿತು.

ನಿಮ್ಮ ಸೊಸೆ

•

ಆಗಸ್ಟ್ ೪

ಟವರಿನ ಲಿಫ್ಟ್ ಮೆಕ್ಯಾನಿಕ್ ಅವರಿಗೆ,

ನಾನು ಯಾರು ಎಂದು ಹೇಳುವುದು ಸ್ವಲ್ಪ ಕಷ್ಟ. ಏಪ್ರಿಲಿನಲ್ಲಿ ನಿಮ್ಮ ಲಿಫ್ಟು ಹತ್ತಿದ್ದೆ, ನೀವು ಆ ದಿನ ರಜೆಯಲ್ಲಿದ್ದಿರಿ. ಯಾರು ಬರುತ್ತಾರೆಂದು ರಜೆ ಹಾಕಿದಿರೋ ಆ ಮುದುಕಿ ನಾನು.

ಈ ಕಾಗದ ಬರೆಯುತ್ತಿರುವುದನ್ನು ನನ್ನ ಸೊಸೆಗೆ ತಿಳಿಸಿದ್ದೇನೆ. ಬೇಡ ಎಂದರೆ ಬರೆ, ನಿಲ್ಲಿಸುತ್ತೇನೆ ಎಂದು ಹತ್ತು ದಿನ ಕಾದೆ. ಅವಳು ಬೇಡ ಎನ್ನಲಿಲ್ಲ. ‘ನಿಮ್ಮಿಷ್ಟ ಅತ್ತೆ’ ಎಂದು ಎರಡು ಪದ ಬರೆದು, ಕೆಳಗೆ ನಿಮ್ಮ ವಿಳಾಸವನ್ನು ಬಹಳ ಸ್ಪಷ್ಟವಾಗಿ ಬರೆದಿದ್ದಾಳೆ.

ನಿಮ್ಮನ್ನು ಬರಬೇಡಿ ಎಂದು ಕಳಿಸಿದಾಗ ಅವಳು ನನ್ನ ಹೆಸರು ಹೇಳಿದಳಂತೆ. ನಾನು ಹಾಗೆ ಹೇಳಿರಲಿಲ್ಲ. ಆದರೆ ಸುಮ್ಮನಿದ್ದು ಹೇಳಿದ ಹಾಗೆಯೇ ಮಾಡಿದೆ, ಆದ್ದರಿಂದ ಅವಳದು ಪೂರ್ತಿ ಸುಳ್ಳಲ್ಲ. ಆ ಕಾರಣ ಇನ್ನು ಮೇಲೆ ಇಲ್ಲ ಎಂದು ತಿಳಿಸಲು ಈ ಕಾಗದ. ನಿಮ್ಮ ಕಡೆ ಬೇರೆ ಕಾರಣಗಳಿದ್ದರೆ ಅವು ನಿಮಗೆ ಬಿಟ್ಟದ್ದು. ರಜೆ ಹಾಕಿಸಿದ್ದು ನಿಮಗೆ ನೋವಾಗಿರಬಹುದು. ಅದಕ್ಕೆ ನಾನೂ ಪಾಲುದಾರಳು.

ನನಗೆ ತುಂಬ ಸಂತೋಷವಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಿಮ್ಮನ್ನು ನೋಡಿದಾಗ ನನ್ನ ಮುಖ ಹೇಗಿರುತ್ತದೋ ನನಗೇ ಗೊತ್ತಿಲ್ಲ. ಬಿಗಿದುಕೊಂಡಿದ್ದರೆ ನೀವು ಹೊಟ್ಟೆಗೆ ಹಾಕಿಕೊಳ್ಳಬೇಕು. ಮಗನ ಸುದ್ದಿ ತೆಗೆದರೆ ಕೇಳಿಸಿಕೊಳ್ಳಬೇಕು. ನಾನು ಅವನ ಸುದ್ದಿ ಆಗಾಗ ತೆಗೆಯುತ್ತೇನೆ.

ನಾನು ಅಕ್ಟೋಬರಿನಲ್ಲಿ ಅಲ್ಲಿಗೆ ಬರುತ್ತೇನೆ. ಟವರಿಗೆ ಅಲ್ಲ, ಅದನ್ನು ನೋಡಿಯಾಯಿತು. ಬಂದರಿನಲ್ಲಿ ಜನರನ್ನು ಕೂರಿಸಿಕೊಂಡು ಅಲೆತಡೆ ಗೋಡೆಯವರೆಗೆ ಹೋಗಿ ಬರುವ ಲಾಂಚು ಇದೆಯಂತೆ. ಮೇಲಿನಿಂದ ನೀರು ನನಗೆ ಏನೂ ಹೇಳಲಿಲ್ಲ. ಹತ್ತಿರ ಹೋಗಿ ಒಮ್ಮೆ ಕೈಯಿಟ್ಟು ನೋಡಬೇಕು. ಅವಳೂ ಬರುತ್ತೇನೆ ಎಂದಿದ್ದಾಳೆ.

ದಡದಿಂದ ಲಾಂಚಿಗೆ ಹಾಕುವ ಹಲಗೆ ಅಲುಗಾಡುತ್ತದೆ ಎಂದು ಕೇಳಿದ್ದೇನೆ. ನನಗೆ ಸೊಂಟ ಸರಿಯಿಲ್ಲ. ಒಂದು ಕೈಯನ್ನು ಸೊಸೆ ಹಿಡಿದುಕೊಳ್ಳುತ್ತಾಳೆ. ಇನ್ನೊಂದು ಕೈ ಹಿಡಿಯಲು ಯಾರಾದರೂ ಬೇಕಾಗುತ್ತದೆ.

ಅವಳ ಅತ್ತೆ